ತೊಟ್ಟಿಲಣ್ಣನ ಬಲಗಾಲು

ತೊಟ್ಟಿಲಣ್ಣ ಎಂದು ಅವನಿಗೆ ಹೆಸರಿಟ್ಟವರು ಹೆರಿಗೆ ವಾರ್ಡಿನ ಆಯಾಗಳು. ಆಸ್ಪತ್ರೆಯ ಗೇಟಿನ ಹೊರಗೆ ಬಾಡಿಗೆ ಕಾರುಗಳು ಸಾಲಾಗಿ ನಿಂತಿದ್ದರೂ ಹೊಲಿಗೆ ಬಿದ್ದ ಬಾಣಂತಿಯರು, ಸೊಂಟ ಮುರಿದ ಮುದುಕರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಅವನ ಕಾರೇ ಬೇಕೆಂದು ಕಾಯುತ್ತಿದ್ದರು. ಅವನು ಬ್ರೇಕ್ ಹಾಕಿದರೆ ಗಾಡಿ ನಿಂತದ್ದು ಒಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ.

"ಓಡಿಸೋದನ್ನ ಯಾರು ಬೇಕಾದ್ರೂ ಕಲೀತಾರೆ. ನಿಲ್ಲಿಸೋದು ಕಲಿಯೋಕೆ ಜನ್ಮ ಹಿಡಿಯುತ್ತೆ," ಎನ್ನುತ್ತಿದ್ದ.

"ಊರಿಗೆಲ್ಲ ತೊಟ್ಟಿಲು. ಮನೇಲಿ ಮಾತ್ರ ಬಾಗಿಲು ಕಿತ್ತು ಹೋಗೋ ಹಾಗೆ ಹಾಕ್ತಾರೆ," ಎಂದು ಅವನ ಹೆಂಡತಿ ಬಟ್ಟೆ ಹೊಲಿಸಲು ಬಂದವರ ಮುಂದೆ ನಗುತ್ತಿದ್ದಳು. ಅವಳು ಮುಂದಿನ ಕೋಣೆಯಲ್ಲೇ ಮಿಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು.

ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದವನ ಕೈಯಿಂದ ರೇಜರ್ ಜಾರಿ ಬಿತ್ತು. ಅದನ್ನೆತ್ತಲು ಬಗ್ಗಿದವನು ಏಳಲಿಲ್ಲ. ಲಕ್ವ ಹೊಡೆದು ಬಲಭಾಗವೆಲ್ಲ ಸ್ವಾಧೀನ ತಪ್ಪಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ದಿನವೂ ನೆಲದ ಮೇಲೆ ಕೂತು ಅವನ ಬಲ ಅಂಗಾಲಿಗೆ ತನ್ನ ಎರಡೂ ಅಂಗೈ ಒಡ್ಡುತ್ತಿದ್ದಳು. "ತಳ್ಳಿ. ಇನ್ನೂ ತಳ್ಳಿ." ಮೊದಮೊದಲು ಕಾಲು ಸುಮ್ಮನೆ ನಡುಗುತ್ತಿತ್ತು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಅವನು ಎಷ್ಟು ಜೋರಾಗಿ ತಳ್ಳಿದನೆಂದರೆ, ಅವಳು ಹಿಂದಕ್ಕೆ ಉರುಳಿ ಬಟ್ಟೆಯ ರಾಶಿಯ ಮೇಲೆ ಬಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿಧಾನವಾಗಿ ಗಾಡಿ ಓಡಿಸಬಹುದು ಎಂದು ಡಾಕ್ಟರೂ ಹೇಳಿದರು.

ಅಷ್ಟೂ ಕಾಲ ಕಾರು ಕಾಂಪೌಂಡಿನ ಪಕ್ಕ ಹೊದಿಕೆಯಡಿ ನಿಂತಿತ್ತು. ಬ್ಯಾಟರಿ ಬಿಚ್ಚಿ ಚಾರ್ಜ್ ಮಾಡಿಸಿ ತಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಸ್ಟೀರಿಂಗ್ ಹಿಂದೆ ಕೂತ. ಎಂಜಿನ್ ಎಂದಿನಂತೆ ಮೆಲ್ಲಗೆ ಗುನುಗಿತು. ಗಾಡಿ ಇಳಿಜಾರಿನ ಗಲ್ಲಿಯಲ್ಲಿ ಉರುಳತೊಡಗಿದಾಗ ಬ್ರೇಕ್ ಒತ್ತಿದ. ಪೆಡಲ್ ಕಲ್ಲಾಗಿತ್ತು. ಇದ್ದ ಬಲವನ್ನೆಲ್ಲ ಹಾಕಿ ಒತ್ತಿದರೂ ಅದು ಅಲುಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದ ಮೇಲೆ, ಎದುರುಮನೆಯ ಗೋಡೆಗೆ ಗೇಣಿನಷ್ಟು ದೂರದಲ್ಲಿ ಕಾರು ನಿಂತಿತು.

ಅಲ್ಲಿದ್ದವರು ಕಾರನ್ನು ಹಿಂದಕ್ಕೆ ತಳ್ಳಿಕೊಟ್ಟರು. ಅವನು ಬೆವರಿನಲ್ಲಿ ತೊಯ್ದು ಒಳಗೆ ಬಂದ.

"ಕಾಲು ಹೋಯ್ತು ಕಣೇ."

"ಮೊನ್ನೆ ತಾನೇ ನನ್ನ ಕೆಡವಿದ್ರಲ್ಲ! ಗಾಡಿಗೇ ಏನಾದ್ರೂ ಆಗಿರಬಹುದು. ಗ್ರೀಸನ್ನ ಕರೀತೀನಿ."

ಗ್ರೀಸು ಅವನ ಗೆಳೆಯ, ಮುಖ್ಯರಸ್ತೆಯ ಮೆಕ್ಯಾನಿಕ್. ಎಷ್ಟು ಸೋಪು ಹಚ್ಚಿದರೂ ಉಗುರಿನ ಕಪ್ಪು ಹೋಗದವನು.

"ಬೇಡ," ಎಂದ ತೊಟ್ಟಿಲಣ್ಣ. "ಅವನು ಬಂದು ನನ್ನೆದುರು ಸಲೀಸಾಗಿ ಬ್ರೇಕ್ ಒತ್ತಿ ತೋರಿಸೋದು ಬೇಡ. ನೀನು ನನ್ನ ಸಮಾಧಾನಕ್ಕೆ ಬೇಕಂತ್ಲೇ ಬಿದ್ದಿದ್ದೆ. ನನ್ನ ಕಾಲು ನನಗೆ ಗೊತ್ತಿಲ್ವಾ?"

ಅವಳು ಎಷ್ಟೋ ದಿನ ಕಾಡಿದಳು, ಜಗಳವಾಡಿದಳು. ಕೊನೆಗೆ ಸಾಕಾಗಿ, "ಆಯ್ತು ಬಿಡಿ, ಮನೇಲೇ ಇರಿ," ಎಂದುಬಿಟ್ಟಳು. ಆಮೇಲೆ ಅವನು ಅಂಗಾಲು ಒಡ್ಡಲಿಲ್ಲ. ಬಂದವರಿಗೆಲ್ಲ "ಕಾಲು ಕೈಕೊಡ್ತು" ಎಂದು ನಗುತ್ತಲೇ ಹೇಳುತ್ತಿದ್ದ. ಆಸ್ಪತ್ರೆಯಿಂದ ಯಾರಾದರೂ ಕರೆದರೆ ಬೇರೆ ಡ್ರೈವರ್ ಹೆಸರು ಹೇಳುತ್ತಿದ್ದ. ಕುಂಟುವುದು ಹೆಚ್ಚಿತು, ನಡೆಯುವುದು ಕಡಿಮೆಯಾಯಿತು. ಮುಂದಿನ ವರ್ಷ ಒಂದು ಮಧ್ಯಾಹ್ನ, ಅವಳು ಗುಂಡಿ ಹಚ್ಚುತ್ತಿದ್ದಾಗ, ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಹೋಗಿಬಿಟ್ಟ.

ಕಾರನ್ನು ಮಾರಬೇಕೆಂದು ಅವಳು ಗ್ರೀಸುವಿಗೆ ಹೇಳಿಕಳಿಸಿದಳು. ಅವನು ಬೇರೆ ಬ್ಯಾಟರಿ ತಂದು ಹಾಕಿ, ಕಾರು ಚಾಲೂ ಮಾಡಿ ಬ್ರೇಕಿನ ಮೇಲೆ ಕಾಲಿಟ್ಟವನೇ ಹುಬ್ಬು ಗಂಟಿಕ್ಕಿದ. ಎಂಜಿನ್ ಆರಿಸಿ, ಪೆಡಲನ್ನು ನಾಲ್ಕಾರು ಸಲ ಒತ್ತಿ, ಕಾಲು ತೆಗೆಯದೆ ಮತ್ತೆ ಚಾಲೂ ಮಾಡಿದ. ಎಲ್ಲ ಸರಿಯಿದ್ದರೆ ಆಗ ಪೆಡಲ್ ತಾನಾಗಿ ಚೂರು ಕೆಳಗಿಳಿಯಬೇಕು. ಇಳಿಯಲಿಲ್ಲ. ಬಾನೆಟ್ ಎತ್ತಿದ. ಎಂಜಿನ್ನು ಗಾಳಿ ಎಳೆದುಕೊಂಡು ಪೆಡಲಿನ ಮುಂದಿರುವ ಬೂಸ್ಟರ್ ಡಬ್ಬಿಗೆ ಬಲ ಕೊಟ್ಟರೆ ಮಾತ್ರ ಬ್ರೇಕ್ ಹಗುರ. ಎರಡರ ನಡುವಿನ ಪೈಪನ್ನು ಬೂಸ್ಟರಿನ ಕಡೆಯಿಂದ ಕಿತ್ತು ಅದರ ಬಾಯಿಗೆ ಬೆರಳಿಟ್ಟ. ಎಳೆತವೇ ಇಲ್ಲ. ಪೈಪಿನ ನಡುವೆ ಹೆಬ್ಬೆರಳಷ್ಟು ದೊಡ್ಡ ಪ್ಲಾಸ್ಟಿಕ್ ವಾಲ್ವ್ ಇತ್ತು. ಗಾಳಿಯನ್ನು ಒಂದೇ ಕಡೆಗೆ ಬಿಡಬೇಕಾದದ್ದು, ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತದ್ದರಿಂದ ಅಂಟಿಕೊಂಡು ಎರಡೂ ಕಡೆ ಮುಚ್ಚಿಹೋಗಿತ್ತು.

ಗ್ರೀಸು ಅದನ್ನು ಬಿಚ್ಚಿ ಅಂಗೈಗೆ ಹಾಕಿಕೊಂಡ. ಅವಳು ಹೊಸಿಲ ಮೇಲಿದ್ದಳು.

"ಏನಾಗಿದೆ?"

"ಏನಿಲ್ಲ ಅತ್ತಿಗೆ, ಸಣ್ಣ ಕೆಲಸ."

"ಅದು ಕೆಟ್ರೆ ಏನಾಗುತ್ತೆ?"

"ಬ್ರೇಕು... ಸ್ವಲ್ಪ ಬಿಗಿಯಾಗುತ್ತೆ."

"ಸ್ವಲ್ಪಾನಾ? ನೀನೂ ಒತ್ತಿದ್ಯಲ್ಲ. ನಿನಗೆ ಹೇಗಿತ್ತು?"

ಗ್ರೀಸುವಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಕಲ್ಲು ಒತ್ತಿದ ಹಾಗಿತ್ತು ಅತ್ತಿಗೆ. ಯಾರ ಕಾಲಿಗಾದ್ರೂ ಹಾಗೇ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ನಾನೇ ಅವರಿಗೆ ಮನೇಲೇ ಇರಿ ಅಂದೆ ಕಣೋ," ಎಂದಳು.

"ನಾನು ವಾರ ವಾರ ಬಂದು ಇದೇ ಗಾಡಿ ಪಕ್ಕ ಸ್ಕೂಟರ್ ನಿಲ್ಲಿಸ್ತಿದ್ದೆ," ಎಂದ ಗ್ರೀಸು, ಮುಖ ಆಚೆ ತಿರುಗಿಸಿ. "ಒಂದು ದಿನಾನೂ ಬಾನೆಟ್ ಎತ್ತಲಿಲ್ಲ. ಕಾಲು ಅಂದ, ನಂಬಿದೆ."

ಅವನು ಅಂಗಡಿಗೆ ಹೋಗಿ ಹೊಸ ವಾಲ್ವ್ ತಂದು ಕೂರಿಸಿದ. ಟೀ ಆರುವಷ್ಟು ಹೊತ್ತಿನ ಕೆಲಸ. ಎಂಜಿನ್ ಓಡುತ್ತಿರುವಾಗ ಅವಳು, "ನಾನು ಒಂದ್ಸಲ ಒತ್ತಿ ನೋಡ್ಲಾ?" ಎಂದಳು. ಆ ಸೀಟಿನಲ್ಲಿ ಅವಳು ಎಂದೂ ಕೂತವಳಲ್ಲ. ಬರಿಗಾಲಲ್ಲಿ ಒತ್ತಿದಳು. ಪೆಡಲ್ ಮೆತ್ತಗೆ ಇಳಿಯಿತು. ಬಿಟ್ಟಳು, ಮತ್ತೆ ಒತ್ತಿದಳು. ಗ್ರೀಸು ಬಂದು ಕೀ ತಿರುಗಿಸಿ ಎಂಜಿನ್ ಆರಿಸುವವರೆಗೂ ಒತ್ತುತ್ತಲೇ ಇದ್ದಳು. ಆಮೇಲೆ ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ಕಾರು ಬೇರೆಯವರ ಪಾಲಾಯಿತು. ಅಳತೆ ಕೊಡಲು ಬಂದವರಿಗೆಲ್ಲ, ಅವರು ಕೇಳದಿದ್ದರೂ, ಅವಳು ಹೇಳತೊಡಗಿದಳು: "ನಮ್ಮವರ ಕಾಲಿಗೆ ಏನೂ ಆಗಿರಲಿಲ್ಲ. ಗಾಡೀದೇ ತೊಂದರೆ." ಅವರು ಹೂಂಗುಟ್ಟುತ್ತಿದ್ದರು.

"ಹೋದವರು ಹೋದರು. ಈಗ ಅದನ್ನೇ ಕೆದಕಿ ಏನು ಬರುತ್ತೆ?" ಎಂದು ಅವಳ ಅಕ್ಕ ಒಮ್ಮೆ ಗದರಿದಳು.

"ಏನೂ ಬರಲ್ಲ ಅಕ್ಕಾ. ಅವರಿಗೊಬ್ಬರಿಗೆ ಹೇಳೋಕಾಗಿದ್ರೆ ಸಾಕಿತ್ತು. ಅವರಿಗೆ ಹೇಳೋಕಾಗಲ್ವಲ್ಲ, ಅದಕ್ಕೇ ಎಲ್ಲರಿಗೂ ಹೇಳ್ತೀನಿ."