ಬರೆಯುವ ಪರೀಕ್ಷೆ, ಒತ್ತುವ ಪರೀಕ್ಷೆ

"ಈಕಿ ಯಾಕಿಷ್ಟ ಸೊರಗ್ಯಾಳ? ಹೊಟ್ಟಿಗೆ ಹಾಕಂಗಿಲ್ಲೇನ್ರಿ?"

ಯಾದಗಿರಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಒಡತಿ ಮಹಾದೇವಮ್ಮ ನನ್ನೊಡನೆ ಆಡಿದ ಮೊದಲ ಮಾತು ಇದು. ನನ್ನ ಮಗಳು ಮಾನಸ ಸೂಟ್‌ಕೇಸ್ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ನಮ್ಮ ನಂಜನಗೂಡಿನ ಕಡೆ ಮೊದಲ ಸಲ ಬಂದವರನ್ನು ಪ್ರಯಾಣ ಹೇಗಿತ್ತು, ಕಾಫಿ ಕುಡಿಯುತ್ತೀರಾ ಎಂದು ವಿಚಾರಿಸುತ್ತಾರೆ. ಮಗು ತೆಳ್ಳಗಿದೆ ಎಂಬುದನ್ನು ಅವರು ಹೋದ ಮೇಲೆ ಆಡಿಕೊಳ್ಳುತ್ತಾರೆ. ಇಲ್ಲಿ ಮುಖಕ್ಕೇ ಅಂದುಬಿಟ್ಟರು. ಯಾರ ಮನೆಗೆ ಬಂದು ಬಿದ್ದೆನಪ್ಪಾ ಎಂದುಕೊಂಡೆ. ಮಧ್ಯಾಹ್ನ ಅದೇ ಹೆಂಗಸು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, ಮಾನಸ ತಿಂದು ಮುಗಿಸುವವರೆಗೂ ಎದುರಿಗೇ ಕೂತರು. ಪುಂಡಿ ಎಂದರೆ ಹುಳಿ ಸೊಪ್ಪು. ಬಾಯಿಗಿಟ್ಟ ಕೂಡಲೇ ಮಾನಸಳ ಕಣ್ಣು ಮುಚ್ಚಿಕೊಂಡವು, ಆಮೇಲೆ ಇನ್ನೊಂದು ರೊಟ್ಟಿ ಕೇಳಿದಳು.

ನಾನು ಸರ್ಕಾರಿ ಆಸ್ಪತ್ರೆಯ ನರ್ಸ್. ವರ್ಗವಾಗಿ ಬಂದವಳು. ಗಂಡ ಊರಲ್ಲೇ ಹೈಸ್ಕೂಲು ಮೇಷ್ಟರು, ಅವರಿಗೆ ಬರಲಾಗಲಿಲ್ಲ. ಮಾನಸ ಆಗಷ್ಟೇ ಹತ್ತನೇ ತರಗತಿ ಮುಗಿಸಿದ್ದರಿಂದ ನನ್ನ ಜೊತೆ ಬಂದಳು. ಊರಿನವರಿಗೆ ಯಾದಗಿರಿ ಎಂದರೆ ಬೇರೆ ರಾಜ್ಯವೇ. ನನಗೂ ಹಾಗೇ ಅನ್ನಿಸಿತು. ಆಸ್ಪತ್ರೆಯಲ್ಲಿ ಒಬ್ಬಾಕೆ "ಹೊಟ್ಟಿ ಕಡ್ಯಾಕತ್ತದರಿ" ಎಂದಾಗ, ಏನು ಕಡಿಯಿತು, ಎಲ್ಲಿ ಎಂದು ಗಾಯ ಹುಡುಕಿದೆ. ವಾರ್ಡಿಗೆ ವಾರ್ಡೇ ನಕ್ಕಿತು. ಇಲ್ಲಿ ಹೊಟ್ಟೆ ಕಡಿಯುವುದೆಂದರೆ ನುಲಿಯುವಂಥ ನೋವು. ಊರಲ್ಲಿ ಕಪಿಲಾ ನದಿಯ ಕಡೆಯಿಂದ ಗಾಳಿ ಬರುತ್ತಿತ್ತು. ಇಲ್ಲಿ ಬೇಸಿಗೆಯಲ್ಲಿ ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಕನ್ನಡವೇ ಮಾತಾಡುತ್ತ ಕನ್ನಡದವರ ನಡುವೆಯೇ ಒಂಟಿಯಾಗಿರುವುದು ಹೇಗಿರುತ್ತದೆ ಎಂದು ಅಲ್ಲಿಯವರಿಗೆ ಹೇಳಿದರೆ ನಂಬುವುದಿಲ್ಲ. ಡ್ಯೂಟಿ ಮುಗಿಸಿ ಬಂದು ಸುಮ್ಮನೆ ಅಳುತ್ತಿದ್ದೆ.

ಮಾನಸ ಮಾತ್ರ ಬೇಗ ಹೊಂದಿಕೊಂಡಳು. ಅದಕ್ಕೆ ಕಾರಣ ಸಾಬಮ್ಮ. ಮಹಾದೇವಮ್ಮನ ತಂಗಿಯ ಮಗಳು, ಊರು ಬಳಿಚಕ್ರ, ಕಾಲೇಜಿಗಾಗಿ ದೊಡ್ಡಮ್ಮನ ಮನೆಯಲ್ಲಿದ್ದಳು. ಇಬ್ಬರದೂ ಒಂದೇ ತರಗತಿ, ಪಿಯುಸಿ ಕಲಾ ವಿಭಾಗ. ಸಂಜೆ ಅಂಗಳಕ್ಕೆ ಹಾಸಿದ ಪರ್ಸಿಕಲ್ಲಿಗೆ ನೀರು ಚಿಮುಕಿಸಿ ಕೂತು ಓದುತ್ತಿದ್ದರು. ಮಾನಸಳದು ಓಡುವ ಕೈ. ಒಂದು ಪ್ರಶ್ನೆ ಕೊಟ್ಟರೆ ಮುನ್ನುಡಿ, ಉಪಶೀರ್ಷಿಕೆ, ಮುಕ್ತಾಯ ಎಲ್ಲ ಹಾಕಿ ಪುಟಗಟ್ಟಲೆ ಬರೆಯುತ್ತಿದ್ದಳು. ಸಾಬಮ್ಮ ಅಕ್ಷರವನ್ನು ಕಲ್ಲಿನಲ್ಲಿ ಕೆತ್ತಿದಂತೆ ಬರೆಯುವವಳು. ಅವಳು ಪೂರ್ತಿ ಉತ್ತರಿಸಿ ಎದ್ದ ಪರೀಕ್ಷೆಯೇ ಇರಲಿಲ್ಲ.

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗ ಮಾನಸ ಕಾಲೇಜಿಗೇ ಮೊದಲು. ಶಾಲು ಹೊದಿಸಿದರು, ಫೋಟೋ ತೆಗೆದರು. ಸಾಬಮ್ಮ ಸೆಕೆಂಡ್ ಕ್ಲಾಸ್. ಮಾನಸಳಿಗೆ ದೆಹಲಿಯಲ್ಲಿ ಇತಿಹಾಸ ಓದುವ ಆಸೆ. ಆದರೆ ಅಲ್ಲಿಯ ಸೀಟಿಗೆ ಈ ಅಂಕಗಳನ್ನು ನೋಡುವುದಿಲ್ಲವಂತೆ. ದೇಶಕ್ಕೆಲ್ಲ ಸೇರಿ ಒಂದು ಪ್ರವೇಶ ಪರೀಕ್ಷೆ, ಒಂದೊಂದು ವಿಷಯಕ್ಕೆ ಒಂದೊಂದು ಪತ್ರಿಕೆ, ಕಂಪ್ಯೂಟರಿನಲ್ಲಿ. ಪಿಯುಸಿ ಪಾಸಾಗಿದ್ದರೆ ಸಾಕು, ಎಷ್ಟರಲ್ಲಿ ಪಾಸಾದೆ ಎಂದು ಕೇಳುವವರಿಲ್ಲ.

"ತೊಂಬತ್ತು ದಾಟಿರೋ ಮಗು ಇನ್ನೊಂದು ಪರೀಕ್ಷೆ ಯಾಕೆ ಬರೀಬೇಕು?" ಎಂದು ಗಂಡ ಫೋನಿನಲ್ಲಿ ರೇಗಿದರು.

ನನಗೂ ಅರ್ಥವಾಗಲಿಲ್ಲ. ವಿಚಾರಿಸಿದಷ್ಟೂ ಗೋಜಲು. ಎಂಜಿನಿಯರಿಂಗಿಗೆ ಪಿಯುಸಿ ಅಂಕ, ಪ್ರವೇಶ ಪರೀಕ್ಷೆ ಎರಡನ್ನೂ ಅರ್ಧರ್ಧ ಸೇರಿಸುತ್ತಾರೆ ಎಂದರು ಒಬ್ಬರು. ಮೈಸೂರಲ್ಲಿ ಬಿ.ಎ.ಗೆ ಪಿಯುಸಿ ಅಂಕವೇ ಸಾಕು ಎಂದರು ಇನ್ನೊಬ್ಬರು. ಆ ಪರೀಕ್ಷೆಯ ಇತಿಹಾಸದ ಪಠ್ಯವೇ ಬೇರೆ, ನಮ್ಮ ಮಕ್ಕಳು ಓದಿದ ಪುಸ್ತಕವಲ್ಲ ಎಂದು ಅವರ ಉಪನ್ಯಾಸಕರೇ ಹೇಳಿದರು. ಹಾಗಾದರೆ ಅವಳು ಈ ಎರಡು ವರ್ಷ ಓದಿದ್ದು ಯಾವ ಇತಿಹಾಸ?

ಮಾನಸ ಹಟ ಬಿಡಲಿಲ್ಲ. ಜೊತೆಗಿರಲಿ ಎಂದು ಸಾಬಮ್ಮನಿಂದಲೂ ಅರ್ಜಿ ಹಾಕಿಸಿದಳು. ಆ ಬೇರೆ ಪುಸ್ತಕವನ್ನು ಹೇಗೋ ಸಂಪಾದಿಸಿ ಇಬ್ಬರೂ ಹಂಚಿಕೊಂಡು ಓದಿದರು. ಪರೀಕ್ಷೆ ಬಿದ್ದದ್ದು ಕಲಬುರಗಿಯಲ್ಲಿ. ಬೆಳಗಿನ ರೈಲಿಗೆ ಹೊರಟೆವು, ಸಾಬಮ್ಮನ ಅಪ್ಪ ಭೀಮರಾಯ ಕೂಡ ಬಂದಿದ್ದರು. ಬಳಿಚಕ್ರದಲ್ಲಿ ತೊಗರಿ ಬೆಳೆಯುವವರು, ಮಿತಭಾಷಿ. ಮಕ್ಕಳು ಒಳಗೆ ಹೋದ ಮೇಲೆ ಬೇವಿನ ನೆರಳಲ್ಲಿ ಕೂತು ಕೇಳಿದರು:

"ಅಕ್ಕಾರ, ಕಾಲೇಜಿನೋರು ಪಾಸ್ ಮಾಡ್ಯಾರ. ಮತ್ತ ಇದ್ಯಾಕ್ರಿ?"

"ಇದು ಬೇರೆ ಪರೀಕ್ಷೆ."

"ಎರಡರಾಗ ಖರೇದು ಯಾವುದ್ರಿ?"

ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

ಹೊರಗೆ ಬಂದಾಗ ಮಾನಸಳ ಮುಖ ಬಾಡಿತ್ತು. "ಯಾವ ಉತ್ತರ ನೋಡಿದರೂ ಸರಿ ಅನ್ಸುತ್ತಮ್ಮ. ಯಾಕೆ ಅಂತ ಬರೆಯೋಕೆ ಜಾಗವೇ ಇಲ್ಲ." ಹಿಂದೆಯೇ ಬಂದ ಸಾಬಮ್ಮ ಅಪ್ಪನಿಗೆ ಹೇಳುತ್ತಿದ್ದಳು: "ಬರ್ಯೋದ ಇಲ್ಲಪ್ಪ, ಬರೇ ಒತ್ತೋದು. ಟೈಮ್ ಉಳೀತು." ಪರೀಕ್ಷೆಯಲ್ಲಿ ಅವಳಿಗೆ ಸಮಯ ಉಳಿದಿದ್ದು ಅದೇ ಮೊದಲಿರಬೇಕು.

ಫಲಿತಾಂಶ ಬಂದಾಗ ಅಂಕಗಳ ಬದಲು ಉದ್ದುದ್ದ ದಶಮಾಂಶಗಳಿದ್ದವು. ಬೇರೆ ಬೇರೆ ದಿನ ಬರೆದವರನ್ನೆಲ್ಲ ಒಂದೇ ತಕ್ಕಡಿಗೆ ತರಲು ಹಾಗೆ ಮಾಡುತ್ತಾರಂತೆ. ನನಗೆ ತಿಳಿದದ್ದು ಇಷ್ಟೇ: ಇತಿಹಾಸದಲ್ಲಿ ಸಾಬಮ್ಮ ಮಾನಸಳಿಗಿಂತ ಎಷ್ಟೋ ಮುಂದಿದ್ದಳು. ದೆಹಲಿಯ ಕಾಲೇಜೊಂದರಲ್ಲಿ ಅವಳಿಗೆ ಸೀಟು ಬಂತು. ಮಾನಸಳಿಗೆ ಬರಲಿಲ್ಲ.

"ಅಮ್ಮ, ನಾನು ದಡ್ಡೀನಾ?"

"ಅಲ್ಲ ಕಣೆ."

"ಹಾಗಾದ್ರೆ ಸಾಬಮ್ಮ ದಡ್ಡಿ ಅಂತ ಕಾಲೇಜಲ್ಲಿ ಎಲ್ಲರೂ ಅಂದಿದ್ದು?"

ಆ ಪರೀಕ್ಷೆಯನ್ನು ಬಯ್ಯಬೇಕು ಅನ್ನಿಸುತ್ತಿತ್ತು. ಬಯ್ದರೆ ಸಾಬಮ್ಮನನ್ನು ಬಯ್ದಂತಾಗುತ್ತಿತ್ತು. ಪಕ್ಕದ ಗೋಡೆಯಾಚೆ ಒಡತಿಯ ಮನೆಯವರು ಖುಷಿಪಡಲೂ ಅಂಜುತ್ತಿದ್ದರು. ಮಹಾದೇವಮ್ಮ ಕೂಡ ಎರಡು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಮುಖಕ್ಕೇ ಮಾತಾಡುವ ಹೆಂಗಸು ಸುಮ್ಮನಾದದ್ದು ನನಗೆ ಇನ್ನೂ ಕಷ್ಟವಾಯಿತು.

ಮೂರನೆಯ ದಿನ ಸಂಜೆ ಭೀಮರಾಯ ಬಂದರು. ಒಳಗೆ ಕರೆದರೂ ಹೊಸ್ತಿಲ ಹೊರಗೇ ನಿಂತು, "ಅಕ್ಕಾರ, ಕಳಸ್ಲೇನ್ರಿ? ನಮ್ಮ ಮಂದಿ ಬ್ಯಾಡ ಅನ್ನಾಕತ್ತಾರ. ಅಷ್ಟು ದೂರ, ಭಾಷಾ ಬರಲ್ಲ. ಒಂದ್ಸಲ ಗುಂಡಿ ಒತ್ತಿದ್ದಕ್ಕ ಆಕಿ ಶಾಣ್ಯಾ ಅಂತ ನಂಬಲೇನ್ರಿ? ನೀವ್ ಹೇಳ್ರಿ" ಎಂದರು. ಶಾಣ್ಯಾ ಎಂದರೆ ಜಾಣೆ.

ಮಾನಸ ಒಳಕೋಣೆಯಲ್ಲಿದ್ದಳು. ಎಲ್ಲ ಕೇಳಿಸುತ್ತಿತ್ತು. ಕಳಿಸಿ ಎಂದರೆ ನನ್ನ ಮಗಳನ್ನು ತೂಗಿದ ತಕ್ಕಡಿ ಸರಿ ಎಂದು ಒಪ್ಪಿದಂತೆ. ಬೇಡ ಎಂದರೆ ಹೊಟ್ಟೆಕಿಚ್ಚು. ಅದು ನನ್ನೊಳಗೆ ಇರಲಿಲ್ಲ ಎಂದು ಹೇಳಲಾರೆ.

"ಪರೀಕ್ಷೆಯ ವಿಷಯ ನನಗೆ ಗೊತ್ತಾಗುವುದಿಲ್ಲ ಭೀಮರಾಯಪ್ಪನವರೇ," ಎಂದೆ. "ಹೊಸ ಊರಿನ ವಿಷಯ ಸ್ವಲ್ಪ ಗೊತ್ತು. ಮೊದಮೊದಲು ದಿನಾ ಅಳು ಬರುತ್ತೆ. ಅನ್ನ ಸೇರಲ್ಲ. ಯಾರು ಏನಂದರೂ ಬಯ್ದಂಗೆ ಕೇಳಿಸುತ್ತೆ. ಆಮೇಲೆ ಯಾರೋ ಒಬ್ಬರು ರೊಟ್ಟಿ ತಂದಿಡ್ತಾರೆ. ಅವಳಿಗೂ ಯಾರಾದರೂ ಸಿಗ್ತಾರೆ. ಕಳಿಸಿ."

ಅವರು ತಲೆಯಾಡಿಸಿ ಹೋದರು. ಒಳಗಿನಿಂದ ಮಾನಸ ಬಂದು ನನ್ನ ಪಕ್ಕ ಕೂತಳು. ನಾನು ಹೇಳಿದ್ದು ಅವಳಿಗೆ ಸರಿ ಅನ್ನಿಸಿತೋ ಇಲ್ಲವೋ ಇವತ್ತಿಗೂ ಕೇಳಿಲ್ಲ. ಆದರೆ ಸಾಬಮ್ಮನ ಟ್ರಂಕಿಗೆ ಬಟ್ಟೆ ಜೋಡಿಸಿದ್ದು, ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಡಬ್ಬಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದು ಅವಳೇ.

ಮಾನಸ ಈಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಅಲ್ಲಿ ಪಿಯುಸಿ ಅಂಕವೇ ಅವಳಿಗೆ ಬಾಗಿಲು ತೆರೆಯಿತು. ಅವಳ ಬಾಯಲ್ಲಿ "ಹೋಗ್ಯಾಳ, ಬಂದಾಳ" ಕೇಳಿ ಸಹಪಾಠಿಗಳು ನೀನು ಯಾವ ದೇಶದವಳು ಎನ್ನುತ್ತಾರಂತೆ. ಸಾಬಮ್ಮ ಮೊದಲ ತಿಂಗಳು ಫೋನಿನಲ್ಲಿ ಬರೀ ಅತ್ತಳು. ಈಚೆಗೆ ಹೀಗೆಂದಳು: "ಅಕ್ಕಾರ, ಒಳಗ ಬರಾಕ ಒತ್ತಿದರ ಸಾಕಾತು. ಬಂದ ಮ್ಯಾಲ ಬರೇ ಬರ್ಯೋದ ಅದ ನೋಡ್ರಿ, ಹಾಳಿಗಟ್ಲೆ. ಹೆಂಗ ಶುರು ಮಾಡಬೇಕಂತ ಮಾನಸಾನ ಕೇಳಾಕತ್ತೇನಿ." ಅತ್ತ ಮಾನಸ ಅವಳಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡುತ್ತಾಳೆ, ಹೇಳಿಕೊಡುತ್ತ ಅವಳ ಪಾಠಗಳನ್ನೂ ಕೇಳಿ ತಿಳಿದುಕೊಳ್ಳುತ್ತಾಳೆ. ಯಾರ ಪರೀಕ್ಷೆ ಯಾರು ಬರೆಯುತ್ತಿದ್ದಾರೋ.

ಯಾದಗಿರಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಊರಿಗೆ ಮರಳಲು ಅರ್ಜಿ ಹಾಕಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಹಾಕಿಲ್ಲ, ಹಾಕುವುದಿಲ್ಲ ಎಂದೂ ತೀರ್ಮಾನಿಸಿಲ್ಲ.

ಹೋದ ತಿಂಗಳು ನಂಜನಗೂಡಿನಲ್ಲಿ ನೆಂಟರ ಮದುವೆ. ತಮ್ಮ ಮೊಮ್ಮಗನಿಗೆ ಆ ಪರೀಕ್ಷೆ ಬರೆಸಬೇಕೋ ಬೇಡವೋ ಎಂದು ಸೋದರತ್ತೆ ಕೇಳಿದರು. "ನಮ್ಮ ಹುಡುಗಿ ಬರೆದಳು, ದೆಹಲಿಗೆ ಹೋದಳು" ಎಂದೆ.

"ಮಾನಸ ಮೈಸೂರಲ್ಲಲ್ವೇನೆ?"

"ಅವಳೂ ಬರೆದಳು. ಅವಳಿಗೆ ಆಗಲಿಲ್ಲ."

ಸೋದರತ್ತೆ ನನ್ನನ್ನೇ ನೋಡಿದರು. ಆಮೇಲೆ ಮಾತು ಬದಲಿಸಿ, "ಅದಿರಲಿ, ಊರಿಗೆ ಯಾವಾಗ?" ಎಂದರು.

"ನಾಳೆ ಮಧ್ಯಾಹ್ನದ ಗಾಡಿಗೆ."

"ಅಯ್ಯೋ, ಅದಲ್ಲ ಕಣೆ. ನಮ್ಮೂರಿಗೆ ವಾಪಸ್ ಬರೋದು ಯಾವಾಗ ಅಂತ ಕೇಳಿದ್ದು."