ಮಾವ ಕಟ್ಟಿಸಿದ ಟ್ರೈಲರ್

ನಮ್ಮ ಸೋದರಮಾವನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸೈಜುಗಲ್ಲು ಇಳಿಸುವಾಗ ಜಜ್ಜಿಹೋಗಿದ್ದು ಮತ್ತೆ ಬೆಳೆಯಲಿಲ್ಲ. ಯಾವ ಕಬ್ಬಿಣ ಕಂಡರೂ ಆ ಬೋಳು ಬೆರಳಿಂದ, ತೆಂಗಿನಕಾಯಿ ಕೊಳ್ಳುವವರ ಹಾಗೆ, ತಟ್ಟಿ ಕಿವಿಗೊಡುತ್ತಿದ್ದರು. ಆಮೇಲೆ ತೀರ್ಪು. ಅದರ ಮೇಲೆ ಯಾರೂ ಮಾತಾಡುವ ಹಾಗಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಸುಬ್ರಹ್ಮಣ್ಯಪುರದ ತಮ್ಮ ಮನೆಗೆ ಕರೆತಂದು ಸಾಕಿದವರು ಅವರೇ. ಅದಕ್ಕೇ ಅವರ ಮೇಲಿನ ಈ ಸಿಟ್ಟು ಇನ್ನೂ ಆರಿಲ್ಲ. ಬೇರೆಯವರಾಗಿದ್ದರೆ ಮರೆತುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ಉತ್ತರಹಳ್ಳಿ ರಸ್ತೆಯ ಎರಡೂ ಕಡೆ ಮನೆಗಳು ಏಳುತ್ತಿದ್ದವು, ಮಾವನ ಟ್ರ್ಯಾಕ್ಟರಿಗೆ ಬಿಡುವೇ ಇರಲಿಲ್ಲ. ಕಲ್ಲು ಹೊತ್ತು ಹೊತ್ತು ಹಳೇ ಟ್ರೈಲರಿನ ತಳ ತುಕ್ಕು ಹಿಡಿದು ಉದುರುತ್ತಿತ್ತು. ಕಂಪನಿಯ ರೆಡಿ ಟ್ರೈಲರ್ ತೆಗೆದುಕೊಳ್ಳಿ ಎಂದು ತಿಂಗಳುಗಟ್ಟಲೆ ಗೋಗರೆದೆ. ರೆಡಿದು ಬರೀ ಬಣ್ಣ ಎಂದು ಮಾವ ಬೊಮ್ಮನಹಳ್ಳಿಯ ಒಂದು ಶೆಡ್ಡಿನಲ್ಲಿ ಕಟ್ಟಿಸಲು ಕೊಟ್ಟರು. ಸರಿ, ಕಟ್ಟಿಸಲಿ. ಶೆಡ್ಡಿನವನು ನಾಲ್ಕು ಚಕ್ರದ್ದು, ದಪ್ಪ ತಳದ್ದು, ಚೆನ್ನಾಗಿಯೇ ಕಟ್ಟಿದ. ಆದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ ಮಾತ್ರ ಮಾವನಿಗೆ ಹಳೇ ಟ್ರೈಲರಿನದ್ದೇ ಬೇಕಂತೆ. ತಾತನ ಕಾಲದ್ದು, ಅದನ್ನು ಬಿಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಸವೆದಿದೆ, ಭಾರ ತಡೆಯುವುದಿಲ್ಲ ಎಂದು ಶೆಡ್ಡಿನವನೂ ಹೇಳಿದ, ನಾನೂ ಹೇಳಿದೆ. ಮಾವ ಬೆರಳಿಂದ ತಟ್ಟಿ ನೋಡಿದರು.

“ಇದ್ರಿಂದ್ಲೇ ಕಣೋ ನೀವೆಲ್ಲ ಅನ್ನ ತಿಂದಿದ್ದು” ಎಂದು ನನಗೆ ಹೇಳಿ, ಅವನ ಕಡೆ ತಿರುಗಿ, “ಹಾಕಯ್ಯ ನೀನು” ಎಂದರು.

ಅನ್ನದ ಮಾತೆತ್ತಿದರೆ ನಾನು ಉಸಿರೆತ್ತಲಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಯುಧಪೂಜೆಗೆ ಟ್ರೈಲರ್ ಮನೆಗೆ ಬಂತು. ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕೊಂಡಿಗೂ ಕುಂಕುಮ ಹಚ್ಚಿದರು. ಕುಂಕುಮ ಹಚ್ಚಿದರೆ ಕಬ್ಬಿಣ ಗಟ್ಟಿಯಾಗುತ್ತದೆಯೇ?

ದೀಪಾವಳಿ ಕಳೆದು ಒಂದು ಬೆಳಿಗ್ಗೆ, ಕಲ್ಲು ತುಂಬಿಕೊಂಡು ಏರು ಹತ್ತುವಾಗ ಕೊಂಡಿ ಮುರಿಯಿತು. ಟ್ರೈಲರ್ ಹಿಂದಕ್ಕೆ ಉರುಳತೊಡಗಿತು. ಡ್ರೈವರನ ಪಕ್ಕ ಮಡ್‌ಗಾರ್ಡ್ ಮೇಲೆ ಕೂತಿದ್ದ ಮಾವ ಹಾರಿ ಇಳಿದು, ಚಕ್ರಕ್ಕೆ ಕಲ್ಲು ಕೊಡಲು ಓಡಿದರು. ಅಷ್ಟು ಭಾರಕ್ಕೆ ಒಂದು ಕಲ್ಲು ಯಾವ ಲೆಕ್ಕ? ಹಾಳಾಗಿ ಹೋಗಲಿ ಎಂದು ಬಿಟ್ಟಿದ್ದರೆ ಇವತ್ತೂ ನನ್ನ ಜೊತೆ ಜಗಳವಾಡಿಕೊಂಡು ಇರುತ್ತಿದ್ದರು. ಚಕ್ರ ಅವರ ಮೇಲೆಯೇ ಹರಿಯಿತು.

ಮಣ್ಣು ಮಾಡಿ ಬಂದವರೆಲ್ಲ ಜಗಲಿಯಲ್ಲಿ ಕೂತು, ಟೈಮ್ ಬಂದಿತ್ತು, ಏನು ಮಾಡೋಕಾಗುತ್ತೆ ಎಂದು ಒಬ್ಬರಾದ ಮೇಲೊಬ್ಬರು ಹೇಳತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ, ಗಂಡನಿಗೆ ಒಂದು ದಿನವೂ ಎದುರಾಡದ ಅತ್ತೆ ಒಳಗಿನಿಂದ ಹೇಳಿದರು:

“ಟೈಮ್ ಬಂದಿರ್ಲಿಲ್ಲ. ಇವ್ರೇ ಕರ್ಕೊಂಡ್ ಬಂದ್ರು.”