ಬಾವಿ ತೋಡಿದವರ ನಾಟಕ

ಪಾವಗಡದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳನ್ನು ಸೇರಿಸಿ ಕತೆ ಹೇಳುವುದು, ಮುಖವಾಡ ಮಾಡಿಸಿ ನಾಟಕ ಕಲಿಸುವುದು ಸಂಘಮಿತ್ರಾಳ ಕೆಲಸ. ಒಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ. ನರಿ, ಕರಡಿಗಳ ಕತೆ ಹೇಳುವವಳನ್ನು ಯಾರು ಬೈಯುತ್ತಾರೆ?

ಈ ಸಲ ನಿಡುಗಲ್ ಬೆಟ್ಟದಾಚೆಯ ತನ್ನದೇ ಹಳ್ಳಿಯಲ್ಲಿ, "ಊರ ಕತೆ ಹುಡುಕಿ ತನ್ನಿ" ಎಂದು ಮಕ್ಕಳನ್ನು ಕಳಿಸಿದಳು. ಅವರು ಎಂಬತ್ತು ದಾಟಿದ ಪೆದ್ದಮ್ಮನಿಂದ ಮೆಟ್ಟಿಲುಬಾವಿಯ ಕತೆ ತಂದರು. ತೋಡಿದ್ದು ಪೆದ್ದಮ್ಮನ ಮಾವ, ಅವರ ಕೇರಿಯವರು. ನೀರು ಉಕ್ಕಿದ ದಿನವೇ ಬಾವಿ ಕಟ್ಟಿಸಿದ ಯಜಮಾನರು ಅವರನ್ನು ಮೇಲೆ ಹತ್ತಿಸಿ, ಮೈಲಿಗೆಯಾಗುತ್ತದೆ, ಇನ್ನು ಮೆಟ್ಟಿಲಿಳಿಯಕೂಡದು ಎಂದರಂತೆ. ಮಕ್ಕಳು ಅದನ್ನೇ ನಾಟಕ ಮಾಡಿದರು.

ನಾಲ್ಕನೇ ದಿನದ ತಾಲೀಮಿಗೆ ಚನ್ನಮಲ್ಲಯ್ಯ ಬಂದರು. ಬಾವಿ ಕಟ್ಟಿಸಿದ ಮನೆತನದವರು. ತಾಲೀಮು ನಡೆಯುತ್ತಿದ್ದ ಸಮುದಾಯ ಭವನದ ಬೀಗದ ಕೈಯೂ ಅವರದೇ.

"ಏನಮ್ಮಾ, ಮಕ್ಳ ತಲೇಗೆ ಇಸ ತುಂಬ್ತಿದೀಯಾ?"

"ನಡೆದಿದ್ದನ್ನ ಆಡ್ತಾವ್ರೆ, ಯಜಮಾನ್ರೇ."

"ಬಾವಿ ಕಟ್ಸಿದ್ದು ನಮ್ ತಾತ. ಅಷ್ಟು ಆಡ್ಸು, ಸಾಕು."

"ಅದೂ ಐತೆ. ಆಮೇಲಾಗಿದ್ದೂ ಐತೆ."

ಮರುದಿನ ಭವನಕ್ಕೆ ಹೊಸ ಬೀಗ. ಮಕ್ಕಳ ಮುಖವಾಡಗಳು ಚರಂಡಿಯಲ್ಲಿ ಬಿದ್ದಿದ್ದವು. ಇಪ್ಪತ್ತೆರಡು ಮಕ್ಕಳಲ್ಲಿ ಉಳಿದದ್ದು ಒಂಬತ್ತು. ಸಂಘಮಿತ್ರಾಳ ಅಪ್ಪ ದೊಡ್ಡಹನುಮಯ್ಯನವರೂ ತಟ್ಟೆ ಮುಂದೆ ಕೂತು, "ನಾವಿಲ್ಲೇ ಬದುಕ್ಬೇಕು ಕಣಮ್ಮ, ಬುಟ್ಬುಡು" ಎಂದರು. ಅವಳು ಅರ್ಧ ಊಟಕ್ಕೇ ಎದ್ದು ಪೆದ್ದಮ್ಮನ ಮನೆಗೆ ನಡೆದಳು.

"ಅಜ್ಜೀ, ನಿಲ್ಲಿಸ್ಲಾ?"

"ಏಮ್ಮಾ, ಕತೆ ಹೇಳಿದ್ದು ನಾನು. ನಿಲ್ಸಾಕೆ ನೀನ್ಯಾರು?"

ಭಾನುವಾರ ಬೆಳಿಗ್ಗೆ, ಮುಖವಾಡವಿಲ್ಲದೆ, ಬಾವಿಕಟ್ಟೆಯ ಮೇಲೇ ಆಟ ಶುರುವಾಯಿತು. ಚನ್ನಮಲ್ಲಯ್ಯನವರ ಮಗ ಗೌರೀಶ್ ಬೈಕ್ ತಂದು ಎದುರಿಗೇ ನಿಲ್ಲಿಸಿ ಹಾರನ್ ಒತ್ತತೊಡಗಿದ. ಮಕ್ಕಳು ಗಂಟಲು ಹರಿಯುವಂತೆ ಮಾತು ಕೂಗಿದರು. ಎಲ್ಲಿಂದಲೋ ಒಂದು ಮಣ್ಣಿನ ಹೆಂಟೆ ಬಂದು ಸಂಘಮಿತ್ರಾಳ ಭುಜಕ್ಕೆ ಬಡಿಯಿತು. ಅವಳು ಮಣ್ಣು ಕೊಡವಿಕೊಂಡು ಮಕ್ಕಳಿಗೆ ಮುಂದಿನ ಮಾತು ಎತ್ತಿಕೊಟ್ಟಳು.

"ಇನ್ಮ್ಯಾಲೆ ಯಾರೂ ಇಳಿಯಂಗಿಲ್ಲ!" ಎಂದು ಯಜಮಾನನ ಪಾತ್ರದ ಹುಡುಗಿ ಗದರಿದಳು. ಆಗ ಯಾರೂ ಹೇಳಿಕೊಡದಿದ್ದರೂ ಪೆದ್ದಮ್ಮ ಎದ್ದಳು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ಈಗ ನೀರು ಬತ್ತಿದ್ದ ತಳದ ಒಣ ಹಾಸುಗಲ್ಲಿನ ಮೇಲೆ ಕೂತಳು.

ಹಾರನ್ ನಿಲ್ಲಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೋದ ಹದಿಮೂರು ಮಕ್ಕಳು ಮರಳಲೂ ಇಲ್ಲ. ಈಗ ತರಗತಿ ಪೆದ್ದಮ್ಮನ ಅಂಗಳದಲ್ಲಿ ನಡೆಯುತ್ತದೆ. ಆ ದಾರಿಯಲ್ಲಿ ಹೋಗುವಾಗ ಚನ್ನಮಲ್ಲಯ್ಯ ಕ್ಯಾಕರಿಸಿ ಉಗಿಯುತ್ತಾರೆ. ಸಂಘಮಿತ್ರಾ ಪಾಠ ನಿಲ್ಲಿಸಿ, ಅವರು ತಿರುವು ದಾಟುವವರೆಗೂ ಅವರನ್ನೇ ದುರುಗುಟ್ಟಿ ನೋಡುತ್ತಾಳೆ.